ಪ್ರವಾಸಿ ಕೈಪಿಡಿ: ಅಚ್ಚಾದ ದಿನದಿಂದಲೇ ಹಳತಾಗುವ ಪುಸ್ತಕ

ಪುಸ್ತಕದಂಗಡಿಯಲ್ಲಿ ಪ್ರವಾಸ ಕಥನವೂ ಪ್ರವಾಸಿ ಗೈಡೂ ಒಂದೇ ಕಪಾಟಿನಲ್ಲಿರುತ್ತವೆ. ಅವುಗಳ ಕೆಲಸ ಮಾತ್ರ ಬೇರೆ ಬೇರೆ. 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಅಮೆರಿಕದಲ್ಲಿ ಗೊರೂರು’ ಈಗ ಓದಿದರೂ ರುಚಿ ಕೆಟ್ಟಿಲ್ಲ. ಅದೇ ವರ್ಷದ ಗೈಡ್ ಹಿಡಿದು ಇವತ್ತು ನ್ಯೂಯಾರ್ಕಿನಲ್ಲಿ ಇಳಿದರೆ ಅದರಲ್ಲಿರುವ ರೂಮಿನ ಬಾಡಿಗೆಯೂ ನಂಬುವಂತಿರುವುದಿಲ್ಲ, ಬಸ್ ಚಾರ್ಜೂ ಅಷ್ಟೇ. ಬರೆದದ್ದು ಹಳಸುವ ಮೊದಲು ಓದುಗನ ಕೈಗೆ ಮುಟ್ಟಿಸುವುದು ಹೇಗೆ ಎಂಬ ಪರದಾಟವೇ ಗೈಡುಗಳ ಇತಿಹಾಸ.

ನೆಪೋಲಿಯನ್ ಯುದ್ಧಗಳು ಮುಗಿದು ಯುರೋಪಿನ ದಾರಿಗಳು ತೆರೆದ ಮೇಲೆ, ಇಂಗ್ಲೆಂಡಿನ ಮರಿಯಾನಾ ಸ್ಟಾರ್ಕ್ ತಮ್ಮ ಪುಸ್ತಕಗಳಲ್ಲಿ ಪಾಸ್‌ಪೋರ್ಟ್ ಪಡೆಯುವ ಬಗೆ, ಜತೆಗೆ ಒಯ್ಯಬೇಕಾದ ಸಾಮಾನು, ಊಟ-ವಸತಿಯ ಖರ್ಚು ಎಲ್ಲವನ್ನೂ ಬರೆದರು. ನೋಡಲೇಬೇಕಾದ ಚಿತ್ರ, ಶಿಲ್ಪಗಳ ಮುಂದೆ ಆಶ್ಚರ್ಯಸೂಚಕ ಚಿಹ್ನೆಗಳನ್ನು ಹಾಕುತ್ತಿದ್ದರು. ಮೆಚ್ಚುಗೆ ಹೆಚ್ಚಾದಷ್ಟೂ ಚಿಹ್ನೆ ಹೆಚ್ಚು. ಇಂದಿನ ಸ್ಟಾರ್ ರೇಟಿಂಗಿಗೆ ಅದೇ ಅಜ್ಜಿ. ಅವರ ಪ್ರಕಾಶಕರಾಗಿದ್ದ ಮರ್ರೆ ಮನೆತನದ ಮೂರನೆಯ ಜಾನ್ ಮರ್ರೆ ತಾನೇ ಊರೂರು ಸುತ್ತಿ, 1836ರಲ್ಲಿ ಯುರೋಪ್ ಕೈಪಿಡಿ ತಂದ. ಅದರಲ್ಲಿ ವಿವರಣೆಯೆಲ್ಲ ದಾರಿಯ ಪ್ರಕಾರ: ಇಂಥ ಊರಿನಿಂದ ಇಂಥ ಊರಿಗೆ, ನಡುವೆ ಏನೇನು. 1859ರಲ್ಲಿ ಮರ್ರೆ ಸಂಸ್ಥೆ ಮದ್ರಾಸ್, ಬೊಂಬಾಯಿ ಪ್ರಾಂತಗಳಿಗೂ ಕೈಪಿಡಿ ಹೊರಡಿಸಿತು.

ಆದರೆ ಈ ಕಸುಬನ್ನು ಕಟ್ಟುನಿಟ್ಟಿಗೆ ತಂದದ್ದು ಜರ್ಮನಿಯ ಬೇಡೆಕರ್. ಕಾರ್ಲ್ ಬೇಡೆಕರ್ 1827ರಲ್ಲಿ ಕೊಬ್ಲೆನ್ಜ್‌ನಲ್ಲಿ ಅಂಗಡಿ ತೆರೆದ. ಮುಳುಗಿಹೋದ ಪ್ರಕಾಶನವೊಂದನ್ನು ಕೊಂಡಾಗ ರೈನ್ ನದಿಯ ಪ್ರವಾಸದ ಪುಸ್ತಕವೊಂದು ಅದರ ಜತೆಗೇ ಬಂತು. ಅದನ್ನು ತಿದ್ದಿ ಬೆಳೆಸಿದ್ದೇ ಆರಂಭ. ಕೆಂಪು ರಟ್ಟು, ಜೇಬಿಗೆ ಹಿಡಿಸುವ ಅಳತೆ, ಒಳಗೆ ಮಡಚಿಟ್ಟ ನಕ್ಷೆಗಳು. ಮರ್ರೆಯ ಪುಸ್ತಕಗಳ ಕೊನೆಯಲ್ಲಿ ಜಾಹೀರಾತಿನ ಪುಟಗಳೇ ಇರುತ್ತಿದ್ದರೆ, ಬೇಡೆಕರ್ ಮುನ್ನುಡಿ ಎಲ್ಲ ಬಗೆಯ ಜಾಹೀರಾತಿಗೂ ಬಾಗಿಲು ಮುಚ್ಚಿತ್ತು: ಹೋಟೆಲಿನವರಿಗೆ ಹೊಗಳಿಕೆ ಬೇಕೆಂದರೆ ಗಿರಾಕಿಯನ್ನು ಸರಿಯಾಗಿ ನೋಡಿಕೊಳ್ಳುವುದೊಂದೇ ದಾರಿ. ನನ್ನ ಮಟ್ಟಿಗೆ ಗೈಡಿನ ಇತಿಹಾಸದಲ್ಲಿ ಸ್ಟಾರಿಗಿಂತ ದೊಡ್ಡ ಹೆಜ್ಜೆ ಇದೇ.

ಭಾರದ ಸಮಸ್ಯೆಗೂ ಅವರಲ್ಲಿ ಉಪಾಯವಿತ್ತು. ದಪ್ಪ ಸಂಪುಟವನ್ನು ಬಿಡಿ ಭಾಗಗಳಾಗಿ ಹೊಲಿದು, ಬೆನ್ನಿಗೆ ತೆಳು ಜಾಳಿಗೆ ಬಟ್ಟೆ ಅಂಟಿಸುತ್ತಿದ್ದರು. ಭಾಗ ಮುಗಿಯುವ ಕಡೆ ಪುಸ್ತಕ ಬಿಡಿಸಿದರೆ ಬಟ್ಟೆ ಕಾಣುತ್ತದೆ. ಅದನ್ನು ಕತ್ತರಿಸಿ ಅಂದಿಗೆ ಬೇಕಾದ ಭಾಗವನ್ನಷ್ಟೇ ಜೇಬಿಗಿಟ್ಟುಕೊಳ್ಳಬಹುದಿತ್ತು.

ಈ ಹೆಸರಿಗೆ ಕಪ್ಪು ನೆರಳೂ ತಗುಲಿತು. 1942ರಲ್ಲಿ ಬೇಡೆಕರ್‌ನಲ್ಲಿ ಮೂರು ಸ್ಟಾರ್ ಪಡೆದ ಬ್ರಿಟನ್ನಿನ ಕಟ್ಟಡಗಳಿಗೆಲ್ಲ ಬಾಂಬ್ ಹಾಕುತ್ತೇವೆಂದು ಜರ್ಮನಿಯ ಅಧಿಕಾರಿಯೊಬ್ಬ ಅಬ್ಬರಿಸಿದ. ಆ ಪುಸ್ತಕದಲ್ಲಿ ಎರಡಕ್ಕಿಂತ ಹೆಚ್ಚು ಸ್ಟಾರ್ ಇರಲೇ ಇಲ್ಲ. ಆದರೂ ಎಕ್ಸಿಟರ್, ಬಾತ್, ನಾರಿಚ್, ಯಾರ್ಕ್, ಕ್ಯಾಂಟರ್ಬರಿ ಊರುಗಳು ಉರಿದವು. ಮರುವರ್ಷ ಡಿಸೆಂಬರಿನಲ್ಲಿ ಬ್ರಿಟಿಷ್ ವಿಮಾನಗಳ ದಾಳಿಗೆ ಲೈಪ್‌ಜಿಗ್‌ನಲ್ಲಿದ್ದ ಬೇಡೆಕರ್ ಕಚೇರಿಯೂ ಬೂದಿಯಾಯಿತು.

ಯುದ್ಧದ ನಂತರ ವಿಮಾನ ಬಂತು, ಓದುಗ ಬದಲಾದ. 1957ರಲ್ಲಿ ಆರ್ಥರ್ ಫ್ರಾಮರ್ ದಿನಕ್ಕೆ 5 ಡಾಲರಿನಲ್ಲಿ ಯುರೋಪ್ ನೋಡಿ ಎಂದು ಶೀರ್ಷಿಕೆಯಲ್ಲೇ ಬರೆದ; ಬೆಲೆ ಏರಿದಂತೆಲ್ಲ ಆ ಅಂಕಿ ಬದಲಿಸಬೇಕಾಯಿತು. 1973ರಲ್ಲಿ ಟೋನಿ ಮತ್ತು ಮೌರೀನ್ ವೀಲರ್ ದಂಪತಿ ಆಸ್ಟ್ರೇಲಿಯಾದಲ್ಲಿ ಸ್ಟೇಪಲ್ ಹೊಡೆದ ತೆಳು ಪುಸ್ತಕದಿಂದ ಲೋನ್ಲಿ ಪ್ಲಾನೆಟ್ ಎಂಬ ಗೈಡ್ ಪ್ರಕಾಶನ ಶುರುಮಾಡಿದರು. ಏಷ್ಯಾವನ್ನು ಕಡಿಮೆ ಖರ್ಚಿನಲ್ಲಿ ದಾಟುವವರಿಗಾಗಿ ಬರೆದದ್ದು.

ಗೈಡ್ ಕೊಳ್ಳುವಾಗ ಮೊದಲು ರಟ್ಟನ್ನಲ್ಲ, ಮುದ್ರಣ ವಿವರದ ಪುಟವನ್ನು ನೋಡಿ. ಅಲ್ಲಿರುವ ಇಸವಿ ಪ್ರಕಟವಾದದ್ದು. ಲೇಖಕ ಓಡಾಡಿ ಬೆಲೆ ಕೇಳಿದ್ದು ಸಾಮಾನ್ಯವಾಗಿ ಅದಕ್ಕಿಂತ ತಿಂಗಳುಗಳ ಹಿಂದೆ, ಕೆಲವೊಮ್ಮೆ ವರ್ಷದ ಹಿಂದೆ. ‘ಮರುಮುದ್ರಣ’ ಎಂದರೆ ಪರಿಷ್ಕರಣೆಯಲ್ಲ. ಒಳಗಿನದೆಲ್ಲವೂ ಒಂದೇ ವೇಗದಲ್ಲಿ ಕೆಡುವುದೂ ಇಲ್ಲ. ಇತಿಹಾಸ, ಬೀದಿಗಳ ನಕ್ಷೆ, ಕಟ್ಟಡದ ವಿವರ ಹತ್ತು ವರ್ಷ ತಡೆಯುತ್ತವೆ. ಹೋಟೆಲು, ಟಿಕೆಟ್ ದರ, ಬಸ್ ವೇಳೆ ಒಂದೆರಡು ವರ್ಷಕ್ಕೇ ಸಡಿಲ. ವೀಸಾ ನಿಯಮವನ್ನಂತೂ ಪುಸ್ತಕದಿಂದ ತೆಗೆದುಕೊಳ್ಳಲೇಬೇಡಿ. ಅದರಲ್ಲೂ ಇಂಗ್ಲಿಷ್ ಗೈಡುಗಳು ಹೆಚ್ಚಾಗಿ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾದ ಪಾಸ್‌ಪೋರ್ಟ್ ಉಳ್ಳವರನ್ನೇ ಎದುರಿಗಿಟ್ಟುಕೊಂಡು ಬರೆದವು. ‘ವೀಸಾ ಬೇಕಿಲ್ಲ’ ಎಂಬ ಸಾಲು ಭಾರತೀಯರಿಗೆ ಅನ್ವಯಿಸದೆ ಹೋಗಬಹುದು. ಆಯಾ ದೇಶದ ರಾಯಭಾರ ಕಚೇರಿಯ ಸೂಚನೆಯೇ ಪ್ರಮಾಣ.

ವಾರದ ರಜೆಯ ವಿಚಾರದಲ್ಲೂ ಜನ ಎಡವುತ್ತಾರೆ. ಪ್ಯಾರಿಸ್ಸಿನಲ್ಲಿ ಲೂವ್ರ್ ಮ್ಯೂಸಿಯಂ ಮಂಗಳವಾರ ಮುಚ್ಚಿರುತ್ತದೆ, ಓರ್ಸೇ ಮ್ಯೂಸಿಯಂ ಸೋಮವಾರ. ಎರಡೇ ದಿನ ಉಳಿಯುವವರು ಈ ವಾರಗಳನ್ನು ಅದಲುಬದಲು ಮಾಡಿಕೊಂಡರೆ ಎರಡೂ ತಪ್ಪಿಹೋಗುತ್ತವೆ. ಹೊರಡುವ ಮುನ್ನ ಗೈಡಿನಲ್ಲಿ ಗುರುತು ಹಾಕಿದ ಪ್ರತಿ ಜಾಗದ ಪಕ್ಕ ಮುಚ್ಚುವ ವಾರವನ್ನು ಪೆನ್ಸಿಲಿನಲ್ಲಿ ಬರೆದು, ಅಧಿಕೃತ ಜಾಲತಾಣದಲ್ಲಿ ಒಮ್ಮೆ ತಾಳೆ ನೋಡಿ. ಬೇಕಾದ ಅಧ್ಯಾಯಗಳನ್ನು ಬ್ಲೇಡಿನಲ್ಲಿ ಬಿಡಿಸಿ ಒಯ್ಯುವುದಾದರೆ ನಕ್ಷೆಯ ಪುಟ ಮತ್ತು ಸಂಕೇತಗಳ ಪಟ್ಟಿ ಜತೆಗಿರಲಿ. ಸಾಮಾನ್ಯವಾಗಿ ಮನೆಯಲ್ಲೇ ಉಳಿದುಹೋಗುವುದು ಅವೆರಡೇ.