ವೇಪ್ ಟ್ಯಾಂಕ್ ಆರಿಸುವುದು: ಎಳೆತ, ಓಮ್, ಸೋರಿಕೆ

ಈ ಟಿಪ್ಪಣಿ ಬ್ರಿಟನ್ನಿನಲ್ಲಿದ್ದು ಸಿಗರೇಟು ಬಿಡಲು ವೇಪ್ (ಇ-ಸಿಗರೇಟು) ಹಿಡಿದಿರುವ ವಯಸ್ಕರಿಗೆ. ಸೇದುವ ಅಭ್ಯಾಸವೇ ಇಲ್ಲದವರು ದಯವಿಟ್ಟು ಶುರು ಮಾಡಬೇಡಿ, ನಿಕೋಟಿನ್ ಬಿಡಿಸಿಕೊಳ್ಳುವುದು ಕಷ್ಟ. ಊರಿಗೆ ಹೊರಟಾಗ ಇದನ್ನು ಬ್ಯಾಗಿಗೆ ಹಾಕಲೂ ಬೇಡಿ. ಭಾರತದಲ್ಲಿ 2019ರ ಕಾಯ್ದೆಯಡಿ ಇ-ಸಿಗರೇಟಿನ ಆಮದು, ಮಾರಾಟ, ದಾಸ್ತಾನು ಮೂರೂ ನಿಷಿದ್ಧ.

ಎಳೆತ

ಟ್ಯಾಂಕ್ ಅಂದರೆ ವೇಪಿನಲ್ಲಿ ಲಿಕ್ವಿಡ್ ತುಂಬುವ ಭಾಗ. ಅದರ ಚೆಂದ ನೋಡುವ ಮೊದಲು ನೀವು ಎಳೆಯುವ ರೀತಿ ನೋಡಿ. ಸಿಗರೇಟಿನ ಧಮ್ಮನ್ನು ಮೊದಲು ಬಾಯಿಗೆ ತುಂಬಿಕೊಂಡು ಆಮೇಲೆ ಎದೆಗೆ ಇಳಿಸುತ್ತೇವೆ. ಇದು ಮೌತ್ ಟು ಲಂಗ್. ಹುಕ್ಕಾದ ಹಾಗೆ ನೇರ ಎದೆಗೆ ಎಳೆದರೆ ಡೈರೆಕ್ಟ್ ಲಂಗ್. ಸಿಗರೇಟಿನಿಂದ ಬಂದವರಿಗೆ ಮೊದಲನೆಯದೇ ಸರಿ: 0.8 ಓಮ್ (ವಿದ್ಯುತ್ ತಡೆಯ ಅಳತೆ) ಅಥವಾ ಅದಕ್ಕಿಂತ ಹೆಚ್ಚಿನ ಕಾಯಿಲ್ (ಹತ್ತಿ ಹೀರಿದ ಲಿಕ್ವಿಡನ್ನು ಕಾಯಿಸುವ ತಂತಿಸುರುಳಿ), 10ರಿಂದ 18 ವ್ಯಾಟ್, ಪಿಜಿ-ವಿಜಿ (ತೆಳು ಪ್ರೊಪಿಲೀನ್ ಗ್ಲೈಕಾಲ್, ಗಟ್ಟಿ ವೆಜಿಟೆಬಲ್ ಗ್ಲಿಸರಿನ್) ಅರ್ಧರ್ಧ ಇರುವ ಲಿಕ್ವಿಡ್, ಮಿ.ಲೀ.ಗೆ 10–20 ಮಿ.ಗ್ರಾಂ ನಿಕೋಟಿನ್. ಆಸ್ಪೈರ್ ನಾಟಿಲಸ್, ಇನೋಕಿನ್ ಜೆನಿತ್ ಈ ಜಾತಿಯವು.

ಡೈರೆಕ್ಟ್ ಲಂಗ್ ಟ್ಯಾಂಕಿಗೆ 70% ವಿಜಿ, 3–6 ಮಿ.ಗ್ರಾಂ ಸಾಕು. ಅದಕ್ಕೆ 20 ಮಿ.ಗ್ರಾಂ ಹಾಕಿದರೆ ಗಂಟಲು ಉರಿದು ತಲೆ ಸುತ್ತುತ್ತದೆ. ವಿಜಿ ಹೆಚ್ಚಿರುವ ಗಟ್ಟಿ ಲಿಕ್ವಿಡನ್ನು ಸಣ್ಣ ಕಾಯಿಲ್‌ಗೆ ಹಾಕಿದರೆ ಹತ್ತಿ ಬೇಗ ನೆನೆಯದೆ ಸುಡುತ್ತದೆ.

ಓಮ್ ಮತ್ತು ವ್ಯಾಟ್

ಓಮ್ ಇಳಿದರೆ ಶಕ್ತಿ ಏರುತ್ತದೆ ಎನ್ನುವುದು ಅರ್ಧ ನಿಜ. ನೇರ ಬ್ಯಾಟರಿ ವೋಲ್ಟೇಜಿಗೆ ಮಾತ್ರ ಆ ಲೆಕ್ಕ: 3.7 ವೋಲ್ಟಿಗೆ 1 ಓಮ್ ಇದ್ದರೆ 13.7 ವ್ಯಾಟ್, 0.2 ಓಮ್ ಇದ್ದರೆ 68 ವ್ಯಾಟ್, ಜೊತೆಗೆ 18.5 ಆಂಪಿಯರ್. ವ್ಯಾಟ್ ಹೊಂದಿಸುವ ಮಾಡ್‌ನಲ್ಲಿ (ಬ್ಯಾಟರಿ ಇರುವ ಭಾಗ) ನೀವು 15 ಇಟ್ಟರೆ ಯಾವ ಕಾಯಿಲ್‌ಗೂ 15 ವ್ಯಾಟೇ ಹೋಗುತ್ತದೆ. 0.2ರ ಕಾಯಿಲ್‌ನಲ್ಲಿ ಲೋಹ ಹೆಚ್ಚು, 15 ವ್ಯಾಟಿಗೆ ಅದು ಸರಿಯಾಗಿ ಕಾಯುವುದೇ ಇಲ್ಲ. ಆವಿಯಾಗದ ಲಿಕ್ವಿಡ್ ಗುಳುಗುಳು ಎನ್ನುತ್ತದೆ. 1.2ರ ಕಾಯಿಲ್‌ಗೆ 40 ಕೊಟ್ಟರೆ ಒಂದೇ ಎಳೆತಕ್ಕೆ ಹತ್ತಿ ಕರಕಲು. ಕಾಯಿಲ್ ಮೇಲೆ ಕೊರೆದ ವ್ಯಾಟ್ ಮಿತಿಯ ತಳದಿಂದ ಶುರು ಮಾಡಿ, ಒಂದೊಂದೇ ವ್ಯಾಟ್ ಏರಿಸಿ. ಹೊಸ ಕಾಯಿಲ್‌ನ ಹತ್ತಿ ಕಾಣುವ ತೂತುಗಳಿಗೆ ಎರಡೆರಡು ಹನಿ ಬಿಟ್ಟು, ಟ್ಯಾಂಕ್ ತುಂಬಿ, ಹತ್ತು ನಿಮಿಷ ಸುಮ್ಮನೆ ಇಡಿ.

ಸೋರಿಕೆ

"ಈ ಟ್ಯಾಂಕ್ ಸೋರುತ್ತೆ" ಎಂಬ ದೂರಿನಲ್ಲಿ ಎಷ್ಟೋ ಸಲ ತಪ್ಪು ತುಂಬುವ ವಿಧಾನದ್ದು. ಮುಚ್ಚಿದ ಟ್ಯಾಂಕಿನಲ್ಲಿ ಲಿಕ್ವಿಡ್ ಮೇಲಿರುವ ಗಾಳಿಯ ಒತ್ತಡ ಹೊರಗಿನದಕ್ಕಿಂತ ತುಸು ಕಡಿಮೆ. ಆ ವ್ಯತ್ಯಾಸವೇ ಲಿಕ್ವಿಡ್ಡನ್ನು ಹತ್ತಿಯೊಳಗೆ ನುಗ್ಗದಂತೆ ಹಿಡಿದಿಡುತ್ತದೆ. ಮುಚ್ಚಳ ತೆಗೆದ ಕೂಡಲೇ ಅದು ಹೋಯಿತು. ಲಿಕ್ವಿಡ್ ತನ್ನ ಭಾರಕ್ಕೇ ಹತ್ತಿ ದಾಟಿ ಗಾಳಿಕಿಂಡಿಯತ್ತ ಇಳಿಯುತ್ತದೆ. ಮತ್ತೆ ಮುಚ್ಚಳ ತಿರುಗಿಸುವಾಗ ಒಳಗಿನ ಗಾಳಿ ಅದುಮಿಕೊಂಡು ಇನ್ನಷ್ಟು ತಳ್ಳುತ್ತದೆ.

ಆದ್ದರಿಂದ ಮೇಲಿನಿಂದ ತುಂಬುವ ಟ್ಯಾಂಕಿಗೆ ಈ ಕ್ರಮ: ಗಾಳಿಕಿಂಡಿ ಪೂರ್ತಿ ಮುಚ್ಚಿ, ಮುಚ್ಚಳ ತೆಗೆಯಿರಿ. ಬೇಗ ತುಂಬಿ, ಮೇಲೆ ಒಂದು ಗುಳ್ಳೆಯಷ್ಟು ಗಾಳಿ ಬಿಡಿ. ಮುಚ್ಚಳ ಬಿಗಿಮಾಡಿ ಟ್ಯಾಂಕನ್ನು ತಲೆಕೆಳಗು ಹಿಡಿದು, ಹಾಗೇ ಹಿಡಿದುಕೊಂಡೇ ಕಿಂಡಿ ತೆರೆಯಿರಿ. ಈಗ ಕಾಯಿಲ್ ಪಕ್ಕ ಇರುವುದು ಗಾಳಿಯ ಗುಳ್ಳೆ, ಹಾಗಾಗಿ ಅದುಮಿದ ಒತ್ತಡ ಗಾಳಿಯಾಗಿ ಹೊರಹೋಗುತ್ತದೆ, ಲಿಕ್ವಿಡ್ ಉಳಿಯುತ್ತದೆ. ಟ್ಯಾಂಕನ್ನು ನೆಟ್ಟಗೆ ಹಿಡಿದು ಮುಚ್ಚಳ ಬಿಗಿಮಾಡಿ ಹಾಗೇ ಕಿಂಡಿ ತೆರೆದರೆ ಕೈಯೆಲ್ಲ ಅಂಟು.

ಬ್ರಿಟನ್ನಿನಲ್ಲಿ 2016ರ ನಿಯಮದ ಪ್ರಕಾರ ಟ್ಯಾಂಕ್ 2 ಮಿ.ಲೀ. ಮೀರುವಂತಿಲ್ಲ. ಪದೇಪದೇ ತುಂಬಬೇಕಾದ್ದರಿಂದ ಮೇಲಿನಿಂದ ತುಂಬುವ ಬಗೆಯನ್ನೇ ಕೊಳ್ಳಿ. ಕೈಗೆ ಲಿಕ್ವಿಡ್ ತಗಲಿದರೆ ತೊಳೆದುಕೊಳ್ಳಿ, ಬಾಟಲಿ ಮಕ್ಕಳ ಕೈಗೆ ಸಿಗದಿರಲಿ.

ಕಾಯಿಲ್ ತಾವೇ ಸುತ್ತುವವರಿಗೆ

28 ಗೇಜ್ ಕ್ಯಾಂತಲ್ (ಕಾಯಿಸಲು ಬಳಸುವ ಮಿಶ್ರಲೋಹ) ತಂತಿಯನ್ನು 2.5 ಮಿ.ಮೀ. ಕಡ್ಡಿಗೆ ಆರು ಸುತ್ತು ಸುತ್ತಿದರೆ ಸುಮಾರು 1.1 ಓಮ್. ಓಮ್ ಅಂಕಿ ಕುಣಿಯುತ್ತಿದ್ದರೆ ಸ್ಕ್ರೂ ಸಡಿಲ. ಹತ್ತಿ ಕಾಯಿಲ್ ಒಳಗೆ ತುಸು ತಡೆದು ಜಾರಬೇಕು, ತುದಿಗಳು ಲಿಕ್ವಿಡ್ ಕಿಂಡಿಯನ್ನು ಮುಚ್ಚಬೇಕು. ತುರುಕಿದರೆ ಸುಟ್ಟ ರುಚಿ, ತೆಳುವಾದರೆ ಸೋರಿಕೆ. ಕಾಯಿಲ್ ತಾವೇ ಸುತ್ತಿ ಹಾಕುವ ಟ್ಯಾಂಕ್ ಕೊಳ್ಳುವಾಗ ಬದಲಿ ಗಾಜು, ರಬ್ಬರ್ ಬಳೆಗಳ ಸೆಟ್ ಬಿಡಿಯಾಗಿ ಸಿಗುತ್ತದೆಯೇ ಎಂದು ಅಂಗಡಿಯಲ್ಲೇ ಕೇಳಿಕೊಳ್ಳಿ.