ಬಾಡಿದೆ ಅಂತ ನೀರು ಹಾಕಬೇಡಿ

ಡಿಸೆಂಬರ್ ಬಂತು ಅಂದರೆ ನನ್ನ ಫೋನಿನ ತುಂಬ ಬಾಡಿದ ಡೇರೆ ಗಿಡಗಳ ಫೋಟೋ. ಎಲೆ ಜೋತು ಬಿದ್ದಿರುತ್ತದೆ, ಮೊಗ್ಗು ತಲೆ ತಗ್ಗಿಸಿರುತ್ತದೆ. ಕೆಳಗೆ ಒಂದು ಸಾಲು: "ದಿನಾ ನೀರು ಹಾಕ್ತಿದ್ದೀನಿ, ಆದ್ರೂ ಹೀಗಾಗಿದೆ." ಆ 'ಆದ್ರೂ' ಓದಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಆದ್ರೂ ಅಲ್ಲ ಮಾರಾಯರೇ, ಅದಕ್ಕೇ.

ಪುಣೆಯಲ್ಲಿ ಎಲ್ಲರೂ ಡೇಲಿಯಾ ಅನ್ನುತ್ತಾರೆ. ನಾನು ಸಾಗರದ ಕಡೆಯವನು, ಇಲ್ಲಿ ನರ್ಸರಿ ಇಟ್ಟು ಎಷ್ಟು ವರ್ಷವಾದರೂ ನನಗೆ ಅದು ಡೇರೆಯೇ. ಊರಲ್ಲಿ ಎದೆಯೆತ್ತರ ಬೆಳೆದು ಕೋಲು ಕೇಳುವ ಡೇರೆಯ ವಿಷಯ ಅಲ್ಲ ಇದು. ಒಂದು, ಒಂದೂವರೆ ಅಡಿಗೆ ನಿಂತುಬಿಡುವ ಗಿಡ್ಡ ತಳಿ. ಬಾಲ್ಕನಿಗೆ ಹೇಳಿ ಮಾಡಿಸಿದ್ದು. ಹತ್ತಿಂಚಿನ ಕುಂಡ ಸಾಕು. ಬಿಸಿಲು, ಗೊಬ್ಬರ ಎಲ್ಲ ನಿಮಗೆ ಗೊತ್ತು, ಅದನ್ನು ಬಿಡೋಣ. ನೀರಿನ ಬಗ್ಗೆ ಮಾತ್ರ ಮಾತಾಡೋಣ, ಯಾಕೆಂದರೆ ಅದೊಂದು ಯಾರ ತಲೆಗೂ ಹೋಗುತ್ತಿಲ್ಲ.

ಗಿಡ ಬಾಡಿದೆ ಅಂದರೆ ಬಾಯಾರಿದೆ ಅಂತ ನೀವು ಅಂದುಕೊಳ್ಳುತ್ತೀರಿ. ಎಲೆಗೆ ನೀರು ತಲುಪುತ್ತಿಲ್ಲ, ಅಲ್ಲಿಯವರೆಗೆ ನಿಜ. ಆದರೆ ಯಾಕೆ ತಲುಪುತ್ತಿಲ್ಲ? ಬೇರಿಗೂ ಉಸಿರಾಟ ಇದೆ. ಮಣ್ಣಿನ ಕಣಗಳ ನಡುವಿನ ಸಂದಿನಲ್ಲಿ ಗಾಳಿ ಇರುತ್ತದೆ, ಬೇರು ಅದನ್ನು ನಂಬಿಕೊಂಡಿದೆ. ದಿನಾ ನೀರು ಹಾಕಿದರೆ ಆ ಸಂದೆಲ್ಲ ನೀರಿನಿಂದ ತುಂಬಿಹೋಗುತ್ತದೆ, ಬೇರಿಗೆ ಉಸಿರು ಕಟ್ಟುತ್ತದೆ, ಸಾಯುತ್ತದೆ, ಆಮೇಲೆ ಕೊಳೆಯುತ್ತದೆ. ಸತ್ತ ಬೇರು ನೀರು ಎಳೆಯುವುದಿಲ್ಲ. ಕುಂಡದ ತುಂಬ ನೀರಿದೆ, ಎಲೆಗೆ ಹನಿ ಇಲ್ಲ. ಆಗಲೂ ಗಿಡ ಬಾಡುವುದು ಹಾಗೆಯೇ. ನೀರು ಕಡಿಮೆಯಾದರೂ ಅದೇ ಮುಖ, ಜಾಸ್ತಿಯಾದರೂ ಅದೇ ಮುಖ. ನೀವು ಮುಖ ನೋಡಿ ಇನ್ನೊಂದು ಮಗ್ ಸುರಿಯುತ್ತೀರಿ. ಮುಳುಗುತ್ತಿರುವವನಿಗೆ ಕುಡಿಯೋಕೆ ನೀರು ಕೊಟ್ಟ ಹಾಗೆ.

ಅದಕ್ಕೇ ಎಲೆ ನೋಡಬೇಡಿ, ಮಣ್ಣು ನೋಡಿ. ಮೇಲ್ಮಣ್ಣಲ್ಲ, ಅದು ಒಂದು ತಾಸು ಬಿಸಿಲಿಗೆ ಒಣಗಿ ಎಲ್ಲರಿಗೂ ಮೋಸ ಮಾಡುತ್ತದೆ. ತೋರುಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ. ತಣ್ಣಗಿದ್ದು ಬೆರಳಿಗೆ ಮಣ್ಣು ಅಂಟಿಕೊಂಡರೆ ಅವತ್ತು ನೀರಿಲ್ಲ. ಉಗುರು ಕೊಳೆಯಾಗುತ್ತೆ ಅನ್ನುವವರು ಕುಂಡ ಎತ್ತಿ ನೋಡಿ. ನೀರು ಹಾಕಿದ ದಿನದ ಭಾರ ಕೈಗೆ ಗೊತ್ತಾದರೆ, ಮೂರು ದಿನ ಬಿಟ್ಟಾಗ ಎಷ್ಟು ಹಗುರಾಗಿದೆ ಅಂತ ಕೈಯೇ ಹೇಳುತ್ತದೆ. ಇನ್ನೊಂದು ಮಾತು, ಮಧ್ಯಾಹ್ನ ಎರಡು ಗಂಟೆಗೆ ಯಾವ ತೀರ್ಮಾನವನ್ನೂ ಮಾಡಬೇಡಿ. ಫೆಬ್ರವರಿ ಬಿಸಿಲಿಗೆ ಗಟ್ಟಿಮುಟ್ಟಾದ ಗಿಡವೂ ಸ್ವಲ್ಪ ಸೊರಗುತ್ತದೆ, ಸಂಜೆಗೆ ತಾನೇ ಎದ್ದು ನಿಲ್ಲುತ್ತದೆ. ಬೆಳಗ್ಗೆ ಏಳಕ್ಕೂ ಜೋತುಕೊಂಡೇ ಇದ್ದರೆ ಆಗ ಬೆರಳು ಇಳಿಸಿ. ಒಣಗಿದ್ದರೆ ಕೆಳಗಿನ ತೂತಿನಿಂದ ಹರಿಯುವವರೆಗೆ ಹಾಕಿ, ಅರ್ಧ ಲೋಟದ ಸಮಾಧಾನ ಬೇಡ. ಒದ್ದೆ ಇದ್ದರೆ ಕೈ ಕಟ್ಟಿ ಕೂತುಕೊಳ್ಳಿ.

ನಮ್ಮ ಮಲೆನಾಡಿನವರು ಇಲ್ಲಿ ಒಂದು ವಾದ ಹೂಡುತ್ತಾರೆ. "ಊರಲ್ಲಿ ಮೂರು ತಿಂಗಳು ಮಳೆ ಹೊಡೆಯುತ್ತೆ, ಡೇರೆ ಸಾಯಲ್ಲ, ಚೌತಿ ಹೊತ್ತಿಗೆ ಹೂ ಬಿಡುತ್ತೆ. ನನ್ನ ಒಂದು ಮಗ್ ನೀರಿಗೆ ಸಾಯುತ್ತಾ?" ಒಳ್ಳೆಯ ಪ್ರಶ್ನೆ. ನಿಮ್ಮ ಅಮ್ಮ ಡೇರೆಯನ್ನು ಎಲ್ಲಿ ನೆಡುತ್ತಿದ್ದರು, ನೆನಪು ಮಾಡಿಕೊಳ್ಳಿ. ಅಂಗಳದ ಅಂಚಿನ ದರೆಯ ಮೇಲೆ, ಇಲ್ಲವೇ ಏರಿಸಿದ ಮಡಿಯಲ್ಲಿ, ಇಲ್ಲವೇ ಮಾಡಿನ ಅಂಚಿನಲ್ಲಿ ಕುಂಡ ಸಾಲಾಗಿಟ್ಟು. ಮಳೆ ಬರುತ್ತದೆ, ಹೋಗುತ್ತದೆ, ನಿಲ್ಲುವುದಿಲ್ಲ. ಈ ಗಿಡದ ಮೂಲ ಮೆಕ್ಸಿಕೋದ ಬೆಟ್ಟಗಳು. ಸ್ಪೇನಿನ ಸಸ್ಯಶಾಸ್ತ್ರಜ್ಞ ಕವನೀಯೆಸ್ 1791ರಲ್ಲಿ ಇದಕ್ಕೆ ಸ್ವೀಡನ್ನಿನ ಆಂಡರ್ಸ್ ಡಾಲ್ ಅವರ ಹೆಸರಿಟ್ಟ. ಹೆಸರು ಯಾರದಾದರೂ ಇರಲಿ, ಗುಣ ಮಾತ್ರ ಬೆಟ್ಟದ ಇಳಿಜಾರಿನದು. ಬಾಲ್ಕನಿಯ ಕುಂಡದಲ್ಲಿ ಇಳಿಜಾರು ಎಲ್ಲಿದೆ? ಕೆಳಗೆ ತಟ್ಟೆ ಇದೆ. ಅದರಲ್ಲಿ ನೀರು ನಿಂತಿದೆ. ಕೆಲವರು ಇನ್ನೂ ಮುಂದೆ ಹೋಗಿ, ನಾನು ಕೊಟ್ಟ ಕುಂಡವನ್ನು ಚೆಂದದ ಪಿಂಗಾಣಿ ಕುಂಡದೊಳಗೆ ಇಳಿಸುತ್ತಾರೆ. ಅದಕ್ಕೆ ತೂತೇ ಇಲ್ಲ.

ಪುಣೆಯ ಕೋಥ್ರೂಡಿನಲ್ಲಿ ಶಿರಸಿ ಕಡೆಯ ಅಜ್ಜಿ ಒಬ್ಬರಿದ್ದಾರೆ. ಹೋದ ಚಳಿಗಾಲದಲ್ಲಿ ಎರಡು ಡೇರೆ ಕೊಟ್ಟಿದ್ದೆ, ಹದಿನೈದು ದಿನಕ್ಕೆ ಎರಡೂ ಮಲಗಿದವು. ಮತ್ತೆರಡು ಕೊಟ್ಟೆ, ಅವೂ ಅಷ್ಟೇ. "ತಮ್ಮಾ, ನೀ ಹೇಳಿದ ಹಾಗೇ ಮೂರು ದಿನಕ್ಕೊಮ್ಮೆ ಹಾಕ್ತಿ, ದೇವರಾಣೆ" ಅಂದರು. ಸುಳ್ಳು ಹೇಳುವ ಪೈಕಿ ಅಲ್ಲ. ಒಂದು ದಿನ ಬೇರೆ ಕೆಲಸಕ್ಕೆ ಆ ಕಡೆ ಹೋದವನು ಮನೆಗೆ ಹೋದೆ. ಕುಂಡ ಬೋರಲು ಹಾಕಿ ಗಿಡ ಕೈಗೆ ತೆಗೆದುಕೊಂಡರೆ ಮಣ್ಣಿಂದ ನೀರು ತೊಟ್ಟಿಕ್ಕುತ್ತಿತ್ತು. ಒಂದು ಬೇರು ಹಿಡಿದು ಮೆಲ್ಲಗೆ ಎಳೆದೆ. ಕಂದು ಸಿಪ್ಪೆ ಹಾಗೇ ಜಾರಿ ಬೆರಳಿಗೆ ಬಂತು, ಒಳಗೆ ಬಿಳಿ ದಾರದಂಥ ಎಳೆ ಮಾತ್ರ ಉಳಿಯಿತು. ಬೇರು ಕೊಳೆತದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಗೆಡ್ಡೆ ಹಿಸುಕಿದರೆ ಹಣ್ಣಾದ ಬಾಳೆಹಣ್ಣು. ಅಷ್ಟರಲ್ಲಿ ಮನೆಕೆಲಸದ ತಾಯಿ ಬಾಲ್ಕನಿ ಒರೆಸುತ್ತಾ, ನಾನೂ ದಿನಾ ಬೆಳಗ್ಗೆ ಒಂದು ಮಗ್ ಹಾಕ್ತೀನಿ ಅಂತ ಮರಾಠಿಯಲ್ಲಿ ಹೆಮ್ಮೆಯಿಂದ ಹೇಳಿದರು. ಅಜ್ಜಿ ಕಣ್ಣು ಕಣ್ಣು ಬಿಟ್ಟರು. ಒಳಗಿನಿಂದ ಅಜ್ಜನ ದನಿ: "ರಾತ್ರಿ ಮಾತ್ರೆ ತಗೊಂಡ ಮೇಲೆ ಚೊಂಬಿನಲ್ಲಿ ಉಳಿದದ್ದು ಸುಮ್ನೆ ಚೆಲ್ಲೋದು ಯಾಕೆ ಅಂತ ಅದಕ್ಕೇ ಹಾಕ್ತೆ."

ಎರಡು ಗಿಡ, ಮೂರು ಜನ.

ನಿಮ್ಮ ಮನೆಯಲ್ಲೂ ಒಮ್ಮೆ ವಿಚಾರಿಸಿ. ಹಾಗಂತ ಬಾಡಿದ ಎಲ್ಲ ಗಿಡವೂ ನೀರಿಗೇ ಬಾಡಿದ್ದು ಅಂತ ನಾನು ಹೇಳುತ್ತಿಲ್ಲ. ಬರೀ ಫೋಟೋ ನೋಡಿ ಹೇಳುವುದು ಕಷ್ಟ. ನುಸಿ ಇರಬಹುದು, ಎಲೆ ಬಣ್ಣಬಣ್ಣವಾಗಿ ಸುಕ್ಕುಗಟ್ಟಿದ್ದರೆ ವೈರಸ್ ಇರಬಹುದು. ಆದರೆ ಯಾವ ಪೌಡರ್ ಹಾಕಲಿ ಅಂತ ಕೇಳುವ ಮೊದಲು ತಟ್ಟೆ ತೆಗೆಯಿರಿ. ಗೆಡ್ಡೆ ಗಟ್ಟಿಯಾಗಿದ್ದರೆ, ನೆರಳಲ್ಲಿಟ್ಟು ಮಣ್ಣು ಆರಲು ಬಿಟ್ಟರೆ, ಕೆಲವು ಬದುಕುತ್ತವೆ. ಗ್ಯಾರಂಟಿ ಕೊಡಲ್ಲ.

ನೆಲದಲ್ಲಿ ಅಂಚುಸಾಲಾಗಿ ಹಾಕುವವರ ಕಥೆಯೂ ಇದೇ. ಇಲ್ಲೇ ಬಾಣೇರ್ ಕಡೆಯ ಒಂದು ಹೌಸಿಂಗ್ ಸೊಸೈಟಿಯಲ್ಲಿ ಲಾನಿನ ಸುತ್ತ ಗಿಡ್ಡ ಡೇರೆ ಹಾಕಿಸಿದ್ದರು. ಅಲ್ಲಿ ತೋಟ ನೋಡಿಕೊಳ್ಳುವ ಮಾಲಿ ಕಾಕಾ ಸೊಲ್ಲಾಪುರದ ಕಡೆಯವರು, ಮನೆಮಾತು ಕನ್ನಡ. ನನ್ನನ್ನು ಕಂಡ ಕೂಡಲೇ "ಹುಲ್ಲಿಗೆ ದಿನಾ ಪೈಪ್ ಹಿಡೀಬೇಕ್ರೀ, ಅದರ ನೀರು ಇದಕ್ಕ ಬರ್ತದ, ನಾ ಏನ್ ಮಾಡ್ಲಿ?" ಅಂದರು. ಅವರ ತಪ್ಪಿಲ್ಲ. ಅಲ್ಲಿರುವುದು ಎರೆ ಮಣ್ಣು, ಕುಡಿದ ನೀರನ್ನು ಬಿಡುವುದೇ ಇಲ್ಲ. ಮಡಿಯನ್ನು ಅರ್ಧ ಅಡಿ ಎತ್ತರಿಸಿ, ಗೊಬ್ಬರ ಮತ್ತು ಮರಳು ಬೆರೆಸಿ, ಗಿಡದಿಂದ ಗಿಡಕ್ಕೆ ಒಂದಡಿ ಬಿಟ್ಟು ಮತ್ತೆ ನೆಟ್ಟೆವು. ಲಾನ್ ಕಡೆ ಸಣ್ಣ ಕಾಲುವೆ ತೋಡಿದೆವು. ಮಾರ್ಚಿನವರೆಗೂ ಹೂ ಇತ್ತು.

ಉಳಿದದ್ದು ಬೇಗ ಹೇಳಿ ಮುಗಿಸುತ್ತೇನೆ. ಊರಿನಿಂದ ಗೆಡ್ಡೆ ತಂದು ಜೂನಿನಲ್ಲಿ ಇಲ್ಲಿ ನೆಡಬೇಡಿ, ಅಕ್ಟೋಬರ್ ತನಕ ಕಾಯಿರಿ. ಮೊಳಕೆ ಕಾಣುವವರೆಗೆ ಮಣ್ಣು ಬರೀ ಹಸಿ ಇದ್ದರೆ ಸಾಕು. ಗೆಡ್ಡೆ ಕತ್ತರಿಸುವುದಾದರೆ ಕಾಂಡದ ಬುಡದ ತುಂಡು ಜೊತೆಗಿರಬೇಕು, ಕಣ್ಣು ಇರುವುದು ಅಲ್ಲೇ, ಇದು ಆಲೂಗಡ್ಡೆಯಲ್ಲ. ಮೂರ್ನಾಲ್ಕು ಜೊತೆ ಎಲೆ ಬಂದ ಮೇಲೆ ಕುಡಿ ಚಿವುಟಿ, ಪಾಪ ಅನ್ನಬೇಡಿ. ಒಣಗಿದ ಹೂ ತೆಗೆಯುವಾಗ ಸ್ವಲ್ಪ ಹುಷಾರು. ಮೊಗ್ಗು ಗುಂಡಗೆ, ಗುಂಡಿಯ ಹಾಗೆ ಇರುತ್ತದೆ. ಹೂ ಮುಗಿದದ್ದು ಚೂಪಗೆ, ಹಿಸುಕಿದರೆ ಮೆತ್ತಗೆ. ಎಷ್ಟೋ ಜನ ಮೊಗ್ಗನ್ನೇ ಚಿವುಟಿ ಹಾಕಿ ಹೂ ಬರ್ತಿಲ್ಲ ಅಂತ ನನಗೆ ಫೋನ್ ಮಾಡಿದ್ದಾರೆ.

ಅಜ್ಜಿಗೆ ಮೂರನೇ ಸಲವೂ ಎರಡು ಗಿಡ ಕೊಟ್ಟೆ, ಜೊತೆಗೆ ಒಂದು ಬಕೆಟ್ಟಿನಲ್ಲಿ ಕೆಸುವಿನ ಗಿಡ. ಅಜ್ಜನ ಚೊಂಬು, ಆ ತಾಯಿಯ ಮಗ್ ಎರಡೂ ಅದಕ್ಕೇ ಅಂತ ಮೊದಲೇ ತೀರ್ಮಾನ ಮಾಡಿಬಿಟ್ಟೆವು. ಜನವರಿಯಲ್ಲಿ ಡೇರೆಯ ಫೋಟೋ ಬರುತ್ತೆ ಅಂತ ಕಾದಿದ್ದೆ. ಬಂದದ್ದು ಆ ಕೆಸುವಿನ ಎಲೆಯಲ್ಲಿ ಮಾಡಿದ ಪತ್ರೊಡೆಯ ಫೋಟೋ. ಡೇರೆ ಹಿಂದೆ, ಮೂಲೆಯಲ್ಲಿ ಕೆಂಪಗೆ ಕಾಣುತ್ತಿತ್ತು.