ಗಾಜಿನ ಉಬ್ಬಿನ ಲೆಕ್ಕ

ಜುಲೈ ಮಳೆ ಸ್ವಲ್ಪ ಹೊಳವಾಗಲಿ ಅಂತ ಶಿವಮೊಗ್ಗದ ದುರ್ಗಿಗುಡಿಯ ಒಂದು ಕನ್ನಡಕದ ಅಂಗಡಿಯೊಳಗೆ ನಿಂತಿದ್ದೆ. ಅಂಗಡಿಯವರು ಜೇಬುಗಡಿಯಾರದಂಥ ಒಂದು ಸಾಧನವನ್ನು ಲೆನ್ಸಿನ ಮೇಲೆ ಊರಿ ‘ಆರು’ ಅಂದರು. ಅಂದರೆ ಆರು ಡಯಾಪ್ಟರ್; ಲೆನ್ಸಿನ ಪವರ್ ಅಳೆಯುವುದು ಡಯಾಪ್ಟರ್ ಲೆಕ್ಕದಲ್ಲಿ. ಆ ಸಾಧನ ಲೆನ್ಸಿನ ಉಬ್ಬು ಅಳೆಯುವ ಲೆನ್ಸ್ ಕ್ಲಾಕ್. ಕೆಳಗೆ ಸಾಲಾಗಿ ಮೂರು ಮೊನೆಗಳಿರುತ್ತವೆ. ಅಕ್ಕಪಕ್ಕದವು ಅಲುಗುವುದಿಲ್ಲ. ನಡುವಿನದು ಉಬ್ಬಿಗೆ ತಕ್ಕಂತೆ ಒಳಸರಿದು ಮುಳ್ಳನ್ನು ತಿರುಗಿಸುತ್ತದೆ.

ಎಷ್ಟು ಸರಿಯುತ್ತದೆ? ಹೊರಗಿನ ಮೊನೆಗಳ ನಡುವೆ 20 ಮಿ.ಮೀ. ಇದ್ದರೆ, ಒಂದು ಡಯಾಪ್ಟರ್‌ಗೆ ಸುಮಾರು 0.094 ಮಿ.ಮೀ., ಅಷ್ಟೇ. ಕಾಲು ಡಯಾಪ್ಟರ್ ಅಂದರೆ ತಲೆಗೂದಲಿಗಿಂತ ತೆಳು. ಮೊನೆ ಕೊಂಚ ಸವೆದರೂ ಲೆಕ್ಕ ಕೆಟ್ಟಂತೆ. ಅದಕ್ಕೇ ಮೊದಲು ಸಮತಟ್ಟಾದ ಗಾಜಿನ ಮೇಲಿಟ್ಟು, ಮುಳ್ಳು ಸೊನ್ನೆಗೆ ಬರುತ್ತದೆಯೇ ಅಂತ ನೋಡಬೇಕು.

ಸೊನ್ನೆ ಸರಿ ಇದ್ದರೂ ಆ ‘ಆರು’ ಪೂರ್ತಿ ನಿಜವಲ್ಲ. ಮುಳ್ಳಿಗೆ ಗೊತ್ತಾಗುವುದು ಆಕಾರ ಮಾತ್ರ. ಲೆನ್ಸ್ ಯಾವುದರಿಂದ ಆದದ್ದು ಅಂತ ಅದಕ್ಕೇನು ಗೊತ್ತು? ಡಯಲ್ ಮೇಲಿನ ಅಂಕಿಗಳನ್ನು ಸಾಮಾನ್ಯವಾಗಿ 1.53 ವಕ್ರೀಭವನಾಂಕದ (ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಅನ್ನುವ ಅಂಕಿ) ಗಾಜಿಗೆ ಬರೆದಿರುತ್ತಾರೆ. ಪಾಲಿಕಾರ್ಬೊನೇಟ್ ಅನ್ನುವ ಪ್ಲಾಸ್ಟಿಕ್ಕಿನದು 1.586. ಅಲ್ಲಿ ಆರು ಅಂದರೆ ಆ ಮೈಯ ನಿಜವಾದ ಪವರ್ 6.6. ‘ಇದು ಬರೀ ಉಬ್ಬು ನೋಡೋಕೆ ಸಾರ್, ಪವರ್‌ಗೆ ಲೆನ್ಸೋಮೀಟರ್ ಇದೆಯಲ್ಲ’ ಅಂದರು ಅಂಗಡಿಯವರು.

ಕಾಲೇಜಿನ ಲ್ಯಾಬ್‌ನಲ್ಲಿ ನಮಗಿದ್ದದ್ದು ಉಬ್ಬು ಅಳೆದು ಅದರ ತ್ರಿಜ್ಯ ಲೆಕ್ಕ ಹಾಕುವ ಸ್ಫೆರೋಮೀಟರ್. ಮೂರು ಕಾಲು, ನಡುವೆ ಸ್ಕ್ರೂ. ಒಂದು ಸುತ್ತಿಗೆ 0.5 ಮಿ.ಮೀ., ಸುತ್ತಿಗೆ 100 ಗೆರೆ. ಅಂದರೆ 0.005 ಮಿ.ಮೀ.ವರೆಗೆ ಓದಬಹುದು. ಇಷ್ಟು ನಾಜೂಕಿನ ಸ್ಕ್ರೂ ಇಟ್ಟುಕೊಂಡು ನಾವೇನು ಮಾಡುತ್ತಿದ್ದೆವು ಅಂದರೆ, ಕಾಲುಗಳನ್ನು ಮಳೆಗಾಲದ ಥಂಡಿ ಹಿಡಿದ ಹಾಳೆಗೆ ಒತ್ತಿ, ಆ ಚುಕ್ಕಿಗಳ ನಡುವಿನ ದೂರವನ್ನು ಕಂಪಾಸ್ ಬಾಕ್ಸಿನ ಸ್ಕೇಲಿನಲ್ಲಿ ಅಳೆಯುತ್ತಿದ್ದೆವು! 40 ಮಿ.ಮೀ.ನಲ್ಲಿ ಅರ್ಧ ಮಿ.ಮೀ. ತಪ್ಪಿದರೆ ಶೇ. 1.25. ಸೂತ್ರದಲ್ಲಿ ಆ ದೂರದ ವರ್ಗ ಬರುವುದರಿಂದ ತ್ರಿಜ್ಯದಲ್ಲಿ ತಪ್ಪು ಶೇ. 2.5. ಬೈಗುಳ ಮಾತ್ರ ಪಾಪದ ಸ್ಕ್ರೂಗೆ.

ಲೆನ್ಸ್ ಚಪ್ಪಟೆಯಾದಷ್ಟೂ ಪಾಡು ಜಾಸ್ತಿ. ತ್ರಿಜ್ಯ ಅರ್ಧ ಮೀಟರ್ ಇದ್ದರೆ ಉಬ್ಬು ಸುಮಾರು 0.53 ಮಿ.ಮೀ.; ಒಂದು ಗೆರೆ ತಪ್ಪಿದರೆ ಶೇ. 1. ತ್ರಿಜ್ಯ 5 ಮೀಟರ್ ಆದರೆ ಉಬ್ಬು 0.053, ಅದೇ ಗೆರೆ ಈಗ ಶೇ. 10ರ ಹತ್ತಿರ.

ಅಂಥ ಲೆನ್ಸಿಗೆ ಬೆಳಕೇ ಅಳತೆಗೋಲು. ಚಪ್ಪಟೆ ಗಾಜಿನ ಮೇಲೆ ಲೆನ್ಸಿಟ್ಟು ಸೋಡಿಯಂ ದೀಪದ ಹಳದಿ ಬೆಳಕು ಬಿಟ್ಟರೆ ನಡುವಿನ ಗಾಳಿಯ ಪದರದಿಂದಾಗಿ ಒಂದರೊಳಗೊಂದು ಕಪ್ಪು-ಹಳದಿ ಬಳೆಗಳು, ಅಂದರೆ ನ್ಯೂಟನ್ನನ ಉಂಗುರಗಳು, ಕಾಣುತ್ತವೆ. ಅವುಗಳ ವ್ಯಾಸದಿಂದ ಲೆನ್ಸಿನ ತ್ರಿಜ್ಯ ಲೆಕ್ಕ ಹಾಕಬಹುದು. ಒಂದು ಉಂಗುರದಿಂದ ಮುಂದಿನದಕ್ಕೆ ಗಾಳಿಯ ಪದರ ದಪ್ಪವಾಗುವುದು ಬರೀ 0.0003 ಮಿ.ಮೀ.ನಷ್ಟು. ನಡುವೆ ಧೂಳಿನ ಕಣ ಸಿಕ್ಕಿಕೊಂಡರೆ? ಎರಡು ಉಂಗುರಗಳ ವ್ಯಾಸದ ವರ್ಗಗಳನ್ನು ಕಳೆದುಬಿಟ್ಟರಾಯಿತು, ಧೂಳಿನ ಪಾಲೂ ಕಳೆದುಹೋಗುತ್ತದೆ.